ಕಾರಂತಜ್ಜ ಮತ್ತು ನಮ್ಮ ರೂಮಿನ ಎರಡು ಪ್ಲಗ್ಗು

ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ಒಬ್ಬ ಕೊಪ್ಪಳದವ, ಒಬ್ಬ ಗಂಗಾವತಿಯವ, ಒಬ್ಬ ಕುಷ್ಟಗಿ, ಇನ್ನೊಬ್ಬ ಯಲಬುರ್ಗಾ. ಪ್ಲಗ್ ಪಾಯಿಂಟ್ ಇರೋದು ಎರಡೇ. ನಾಲ್ಕು ಫೋನು, ನಾಲ್ಕು ಲ್ಯಾಪ್‌ಟಾಪು, ಜೊತೆಗೆ ವಾರ್ಡನ್ ಸರ್‌ಗೆ ಗೊತ್ತಿಲ್ಲದ ಒಂದು ಕೆಟಲ್. ಹಾಗಾಗಿ ಎನರ್ಜಿ ಡಿಮ್ಯಾಂಡ್ ಅನ್ನೋದು ನಮಗೆ ಐದು ಮಾರ್ಕಿನ ಪ್ರಶ್ನೆ ಅಲ್ಲ, ದಿನಾ ರಾತ್ರಿ ಆಗೋ ಜಗಳ.

ಈ ವರ್ಷ ಆ ಜಗಳ ಪ್ಲಗ್ಗು ಬಿಟ್ಟು ಊರಿಗೆ ಹೋಯ್ತು. ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡ್ತಿದ್ದಾರೆ ಅನ್ನೋ ಸುದ್ದಿ ಬಂತು, ಅರಸಿನಕೇರಿ ಹೆಸರು ಪೇಪರಿನಲ್ಲಿ ಕಾಣಿಸ್ತು. ಕೊಪ್ಪಳದವನ ಮನೆಯಲ್ಲಿ ಗಿಣಿಗೇರಾ ಕಡೆಯ ಕಾರ್ಖಾನೆಗಳ ಕರಿ ಧೂಳೇ ಸಾಕಾಗಿದೆ. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಕೊಪ್ಪಳ ಬಂದ್ ಆದಾಗ, ಗವಿಮಠದ ಸ್ವಾಮೀಜಿಯವರೇ ಬೀದಿಗೆ ಬಂದಾಗ, ಅವನ ಮನೆಮಂದಿಯೆಲ್ಲ ಆ ಗುಂಪಿನಲ್ಲಿದ್ದರು. ಗಂಗಾವತಿಯವನಿಗೆ ಬೇರೆ ಚಿಂತೆ. ಭತ್ತದ ಸೀಮೆ ಅದು. ಪಂಪು, ರೈಸ್ ಮಿಲ್ಲು, ಎಲ್ಲಕ್ಕೂ ಕರೆಂಟು ಬೇಕು. ಸ್ಥಾವರ ಬಂದ್ರೆ ತಪ್ಪೇನು, ಎಲೆಕ್ಟ್ರಿಕಲ್ ಓದಿದ ನಮಗೇ ಕೆಲಸ ಸಿಗುತ್ತಲ್ಲ ಅನ್ನೋದು ಅವನ ವಾದ. ಕುಷ್ಟಗಿ ಮತ್ತು ಯಲಬುರ್ಗಾದವರ ಹೊಲದ ಸುತ್ತ ಗಾಳಿಯಂತ್ರಗಳು ತಿರುಗ್ತಾವೆ. ಅವರಿಬ್ಬರೂ ಒಂದೇ ಪಕ್ಷದಲ್ಲಿ ಇರಬೇಕಿತ್ತು, ಇಲ್ಲ. ಒಬ್ಬರ ಮನೆಗೆ ಹೊಲದ ಬಾಡಿಗೆ ಬರುತ್ತೆ, ಇನ್ನೊಬ್ಬರ ಮನೆಗೆ ಬರೀ ಅದರ ಸದ್ದು ಬರುತ್ತೆ.

ಇದರ ನಡುವೆ ಕನ್ನಡ ಕ್ಲಬ್ಬಿನವರು ಕಾರಂತ ಜಯಂತಿಗೆ ಏನಾದ್ರೂ ಬರೀರಿ ಅಂದ್ರು. ನಿಜ ಹೇಳಿಬಿಡ್ತೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಶಿವರಾಮ ಕಾರಂತರು ಅಂದ್ರೆ ಜ್ಞಾನಪೀಠದ ಪಟ್ಟಿಯಲ್ಲಿ ಬರೋ ಒಂದು ಹೆಸರು, ಅಷ್ಟೇ. ನಮ್ಮಲ್ಲೊಬ್ಬ ಚೋಮನ ದುಡಿ ಸಿನಿಮಾ ಮಾಡಿದ ಬಿ.ವಿ. ಕಾರಂತರೇ ಇವರು ಅಂದ್ಕೊಂಡಿದ್ದ. (ಕಾದಂಬರಿ ಇವರದು, ಸಿನಿಮಾ ಅವರದು.) ಗೂಗಲ್‌ನಲ್ಲಿ ಹೆಸರು ಹಾಕಿದ್ರೆ ಮೊದಲು ಬಂದದ್ದು ಬೆಂಗಳೂರಿನ ಒಂದು ಬಡಾವಣೆಯ ಸೈಟಿನ ರೇಟು. ಊರವರ ಭೂಮಿ ತಗೊಂಡು ಮಾಡೋ ಲೇಔಟಿಗೆ ಆ ಹೆಸರು ಇಟ್ಟವರಿಗೆ ಆತನ ಜೀವನ ಗೊತ್ತಿತ್ತೋ ಇಲ್ವೋ. ನಮಗಂತೂ ಗೊತ್ತಿರಲಿಲ್ಲ. ಓದುತ್ತಾ ಹೋದಂಗೆ ನಮ್ಮ ರೂಮಿನ ಜಗಳವನ್ನೇ ಯಾರೋ ನಲವತ್ತು ವರ್ಷ ಮೊದಲು ಆಡಿ ಹೋದಂಗೆ ಅನ್ನಿಸ್ತು.

ಹುಟ್ಟಿದ್ದು 1902ರ ಅಕ್ಟೋಬರ್ 10, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿ ಬಂತು, ಓದು ಬಿಟ್ಟರು. ಆಗ ಹತ್ತೊಂಬತ್ತರ ಆಸುಪಾಸು, ಅಂದ್ರೆ ನಮ್ಮದೇ ವಯಸ್ಸು. ನಮ್ಮಲ್ಲಿ ಯಾರಾದ್ರೂ ಹಾಗೆ ಮನೆಗೆ ಫೋನ್ ಮಾಡಿ ಹೇಳಿದ್ರೆ ಏನಾಗುತ್ತೆ ಅಂತ ಊಹಿಸೋದೂ ಬೇಡ. ಆಮೇಲೆ ಖಾದಿ, ಊರೂರು ತಿರುಗಾಟ, ಪತ್ರಿಕೆ, ನಾಟಕ. 1930ರ ಹೊತ್ತಿಗೆ ಮೂಕಿ ಸಿನಿಮಾ ಕೂಡ ತೆಗೆದರು. ಪುತ್ತೂರಿನಲ್ಲಿ ನೆಲೆನಿಂತು ಮಕ್ಕಳಿಗಾಗಿ ಬಾಲವನ ಕಟ್ಟಿದರು, ಪ್ರೆಸ್ ಇಟ್ಟರು. 1936ರಲ್ಲಿ ಜಾತಿ ಮೀರಿ ಲೀಲಾ ಅವರನ್ನು ಮದುವೆಯಾದರು. ಕಾದಂಬರಿಗಳೇ 40ಕ್ಕೂ ಹೆಚ್ಚು. ಯಕ್ಷಗಾನದ್ದು ಬೇರೆಯೇ ಕಥೆ, ಅದನ್ನು ಕರಾವಳಿಯ ಗೆಳೆಯರು ಬರೀಲಿ.

ನಾವು ನಿಂತದ್ದು ಬೇರೆ ಕಡೆ. ಈ ಮನುಷ್ಯ ವಿಜ್ಞಾನದ ಪದವಿ ಇಲ್ಲದೆ ಕನ್ನಡದ ಮಕ್ಕಳಿಗಾಗಿ ವಿಶ್ವಕೋಶ ಬರೆದರು. 1930ರ ದಶಕದಲ್ಲಿ ಬಾಲ ಪ್ರಪಂಚ, ಮೂರು ಸಂಪುಟ. ಆಮೇಲೆ 1960ರ ಆಸುಪಾಸಿನಲ್ಲಿ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚ, ನಾಲ್ಕು ಸಂಪುಟ. ಆಗ ಇಂಟರ್ನೆಟ್ ಇಲ್ಲ, ಅನುವಾದ ಮಾಡಿಕೊಡೋ ಆ್ಯಪ್ ಇಲ್ಲ. ಇಂಗ್ಲಿಷ್ ಪುಸ್ತಕ ತರಿಸಿ, ಓದಿ, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಇಲ್ಲದ ಮಾತಿಗೆ ಮಾತು ಹುಡುಕಿ ಬರೆಯಬೇಕು. ನಾವು ಒಂದು ಸೆಮಿನಾರ್‌ಗೆ ನಾಲ್ಕು ಸ್ಲೈಡು ಕನ್ನಡದಲ್ಲಿ ಮಾಡೋಕೆ ಹೋಗಿ ಎಂಟ್ರೊಪಿ ಅನ್ನೋ ಪದದ ಹತ್ರಾನೇ ಸುಸ್ತಾಗಿ ಬಿಟ್ಟೆವು, ಅದಕ್ಕೇ ಇದು ನಮಗೆ ಅಷ್ಟು ದೊಡ್ಡದಾಗಿ ಕಂಡದ್ದು. ಅಮೆರಿಕದ ರೇಚಲ್ ಕಾರ್ಸನ್ ಕಡಲಿನ ಬಗ್ಗೆ ಬರೆದ ಪುಸ್ತಕವನ್ನೂ ಅವರು ಕನ್ನಡಕ್ಕೆ ತಂದಿದ್ದಾರೆ. ಹಾಗಾಗಿ ಕಾರಂತರು ತಂತ್ರಜ್ಞಾನ ಅಂದ್ರೆ ಹೆದರೋ ಹಳೇ ಕಾಲದ ಮುದುಕ ಅಂತ ಯಾರಾದ್ರೂ ಅಂದ್ರೆ ಅದು ಸುಳ್ಳು. ಗಂಗಾವತಿಯವನು ಮೊದಲು ಹಾಗೇ ಅಂದಿದ್ದ.

ಸರ್ಕಾರಕ್ಕೆ ಹೆದರಿದವರೂ ಅಲ್ಲ. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿ ಬಂದಾಗ ವಾಪಸ್ ಕೊಟ್ಟರು. 1977ರ ಜ್ಞಾನಪೀಠ ಮೂಕಜ್ಜಿಯ ಕನಸುಗಳು ಕಾದಂಬರಿಗೆ. ಆಗಲೇ ವಯಸ್ಸು ಎಪ್ಪತ್ತೈದು. ಸಾಮಾನ್ಯವಾಗಿ ಜೀವನಚರಿತ್ರೆ ಅಲ್ಲಿಗೆ ಮುಗೀಬೇಕು, ಸನ್ಮಾನ, ಶಾಲು, ಹಾರ. ಇವರದು ಅಲ್ಲಿಂದ ಇನ್ನೊಂದು ಸುತ್ತು ಶುರುವಾಯ್ತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 1982ರಲ್ಲಿ ದೇಶದ ಪರಿಸರದ ಸ್ಥಿತಿ ಬಗ್ಗೆ ಒಂದು ನಾಗರಿಕ ವರದಿ ತಂದರು. ಎಂಬತ್ತರ ಕಾರಂತರು ಕೂತು ಅದನ್ನು ಕನ್ನಡಕ್ಕೆ ಮಾಡಿದರು.

ಇಲ್ಲಿ ಕಥೆ ನಮ್ಮ ನದಿಗೆ ಬರುತ್ತೆ. ತುಂಗಭದ್ರೆ ಹರಿಹರ ದಾಟಿ, ಮುನಿರಾಬಾದಿನಲ್ಲಿ ಅಣೆಕಟ್ಟಿಗೆ ಸೇರಿ, ಗಂಗಾವತಿಯ ಗದ್ದೆಗೆ ಹೋಗೋದು ನಮಗೆಲ್ಲ ಗೊತ್ತು. ಹರಿಹರದ ಹತ್ತಿರ ನಾರು ತಯಾರಿಸೋ ಪಾಲಿಫೈಬರ್ ಕಾರ್ಖಾನೆ ನದಿಗೆ ಕೊಳೆ ನೀರು ಬಿಡುತ್ತೆ ಅಂತ 1980ರ ದಶಕದಲ್ಲಿ ದೊಡ್ಡ ಹೋರಾಟ ಆಯ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದರ ಮುಂದೆ ಇತ್ತು. ಆಮೇಲೆ ಅದೇ ಕಾರ್ಖಾನೆಗೆ ಮರ ಬೆಳೆಸಿಕೊಡೋಕೆ ಸರ್ಕಾರ ಕೂಡಿ ಒಂದು ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಭೂಮಿ ಕೊಡೋದಕ್ಕೆ ಹೊರಟಿತು. ಅದು ಹಳ್ಳಿಯವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ನೆಲ. ನೆಡೋದು ನೀಲಗಿರಿ. ಸೌದೆ ಅಂದ್ರೇನು? ಬಡವರ ಮನೆಯ ಎನರ್ಜಿ. ಅದನ್ನು ತಗೊಂಡು ಕಾರ್ಖಾನೆಗೆ ಕೊಡೋದು ಯಾವ ಲೆಕ್ಕ? 1986ರಲ್ಲಿ ಸಮಾಜ ಪರಿವರ್ತನ ಸಮುದಾಯದ ಜೊತೆ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಅಂತಲೇ ಅದರ ಹೆಸರು. ನಮ್ಮ ಕಡೆ ಮಾತೇ ಅದು, ಗಿಡ ಹಚ್ಚೋದು. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚೋ ತೀರ್ಮಾನ ಆಯ್ತು. ಗೆದ್ದರು.

ಕೈಗಾದಲ್ಲಿ ಗೆಲ್ಲಲಿಲ್ಲ.

ಕಾರವಾರ ತಾಲ್ಲೂಕಿನ ಕೈಗಾ, ಕಾಳಿ ನದಿಯ ದಂಡೆ, ಸುತ್ತ ಪಶ್ಚಿಮ ಘಟ್ಟದ ಕಾಡು. ಅಲ್ಲಿ ಅಣು ಸ್ಥಾವರ ಅಂತ 1980ರ ದಶಕದ ಮಧ್ಯದಲ್ಲಿ ತೀರ್ಮಾನ ಆಯ್ತು. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಫೋಟ. ಉತ್ತರ ಕನ್ನಡದ ಜನ ಎದ್ದು ನಿಂತರು, ಕಾರಂತರು ಅವರ ಜೊತೆ ನಿಂತರು. ಕಾಡು ಹೋಗುತ್ತೆ, ನದಿ ಬಿಸಿಯಾಗುತ್ತೆ, ಸಾವಿರಾರು ವರ್ಷ ವಿಕಿರಣ ಸೂಸೋ ತ್ಯಾಜ್ಯವನ್ನು ಏನು ಮಾಡ್ತೀರಿ, ಇವು ಆ ಹೋರಾಟದ ಪ್ರಶ್ನೆಗಳು. ನದಿ ಬಿಸಿಯಾಗೋ ಮಾತು ಭಾವನೆಯದಲ್ಲ, ನಮ್ಮ ಥರ್ಮೋಡೈನಮಿಕ್ಸ್ ಪುಸ್ತಕದ್ದು. ರಿಯಾಕ್ಟರಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕರೆಂಟಾಗುತ್ತೆ. ಉಳಿದದ್ದನ್ನು ನೀರಿಗೋ ಗಾಳಿಗೋ ಬಿಡಲೇಬೇಕು. ಕಾರ್ನೊ ಸಾಹೇಬರ ನಿಯಮಕ್ಕೆ ಯಾವ ಮಂತ್ರಿಯೂ ವಿನಾಯ್ತಿ ಕೊಡೋಕೆ ಆಗಲ್ಲ.

1989ರಲ್ಲಿ ಲೋಕಸಭೆ ಚುನಾವಣೆ. ಎಂಬತ್ತೇಳು ವರ್ಷದ ಕಾರಂತರು ಕೈಗಾ ಬೇಡ ಅಂತ ಹೇಳೋಕೆ ಕೆನರಾ ಕ್ಷೇತ್ರದಿಂದ ನಿಂತರು. ಜ್ಞಾನಪೀಠ ಬಂದ ಲೇಖಕ, ಇಡೀ ಕರಾವಳಿಗೆ ಗೊತ್ತಿರೋ ಮುಖ. ಗೆದ್ದದ್ದು ಕಾಂಗ್ರೆಸ್. ಇಲ್ಲಿ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಜನರಿಗೆ ಅವರ ಮೇಲೆ ಪ್ರೀತಿ ಇತ್ತು, ಓಟು ಹಾಕಲಿಲ್ಲ. ಕುಷ್ಟಗಿಯವನು ಅದರಲ್ಲಿ ಆಶ್ಚರ್ಯ ಏನಿಲ್ಲ ಅಂದ, ಓಟು ಜಾತಿಗೆ, ಪಕ್ಷಕ್ಕೆ, ಊರಿನ ರಸ್ತೆಗೆ ಬೀಳುತ್ತೆ, ಹುಟ್ಟದ ಮೊಮ್ಮಕ್ಕಳ ಕಾಲದ ತ್ಯಾಜ್ಯಕ್ಕೆ ಬೀಳಲ್ಲ ಅಂತ. ಅವನ ಮಾತು ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಕರೆಂಟು ಬೇಕು ಅನ್ನೋದೂ ಒಂದು ನ್ಯಾಯವಾದ ಆಸೆಯೇ. ಪಂಪಿಗೆ ತ್ರೀ ಫೇಸ್ ಯಾವಾಗ ಬರುತ್ತೆ ಅಂತ ರಾತ್ರಿ ಎರಡು ಗಂಟೆಗೆ ಎದ್ದು ಹೊಲಕ್ಕೆ ಹೋಗೋ ಅಪ್ಪಂದಿರ ಮಕ್ಕಳು ನಾವು.

ಕಾಮಗಾರಿ ನಡೀತು. 1994ರ ಮೇ 13ರಂದು ಒಂದನೇ ಘಟಕದ ರಕ್ಷಾ ಗುಮ್ಮಟದ ಒಳಪದರದ ಕಾಂಕ್ರೀಟು ಕಟ್ಟುತ್ತಿರುವಾಗಲೇ ಕುಸಿದು ಬಿತ್ತು. ಅಪಘಾತ ಆದ್ರೆ ವಿಕಿರಣ ಹೊರಗೆ ಬರದಂಗೆ ತಡೆಯೋಕೆ ಇರೋ ಗುಮ್ಮಟವೇ ಅದು. ಒಳಗೆ ಇನ್ನೂ ಯುರೇನಿಯಂ ಇರಲಿಲ್ಲ, ಪುಣ್ಯ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಸಿವಿಲ್ ಓದೋರಿಗೆ ಇದನ್ನು ಯಾಕೆ ಮೊದಲ ವರ್ಷವೇ ಹೇಳಿಕೊಡಲ್ಲ ಅಂತ ನಮಗೆ ಗೊತ್ತಿಲ್ಲ. ಕಾರಂತರು ಆಗ ಬದುಕಿದ್ದರು, ತೊಂಬತ್ತೊಂದು ವರ್ಷ.

1997ರ ಡಿಸೆಂಬರ್ 9ರಂದು ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ರಾಯಚೂರಿನಿಂದ ಬೇರೆಯಾಗಿ ನಮ್ಮ ಕೊಪ್ಪಳ ಜಿಲ್ಲೆ ಹುಟ್ಟಿತ್ತು. ನಾವು ಹುಟ್ಟೋದಕ್ಕೆ ಇನ್ನೂ ವರ್ಷಗಳಿದ್ದವು.

2000ದಲ್ಲಿ ಕೈಗಾ ಕರೆಂಟು ಕೊಡೋಕೆ ಶುರು ಮಾಡ್ತು. ಈಗ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 880. ಒಂದನೇ ಘಟಕ, ಅದೇ ಗುಮ್ಮಟ ಬಿದ್ದ ಘಟಕ, 2018ರಲ್ಲಿ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತು. ಇದನ್ನು ಬರೀದೆ ಬಿಟ್ಟರೆ ಕಾರಂತರಿಗೇ ಸರಿ ಬರ್ತಿರಲಿಲ್ಲ ಅನ್ನಿಸ್ತು, ಹಾಗಾಗಿ ಬರೆದ್ವಿ. ಹೆದರಿದಂಥ ದೊಡ್ಡ ದುರಂತ ಆಗಿಲ್ಲ. ತ್ಯಾಜ್ಯದ ಪ್ರಶ್ನೆಗೆ ಮಾತ್ರ ಇಷ್ಟು ವರ್ಷ ಸಾಲದು, ಅದು ನಮ್ಮ ಮರಿಮಕ್ಕಳನ್ನೂ ದಾಟಿ ಹೋಗೋ ಲೆಕ್ಕ. ಗ್ರಿಡ್ ಅಂದಮೇಲೆ ನಮ್ಮ ಫೋನಿನ ಚಾರ್ಜಿನಲ್ಲಿ ಎಷ್ಟು ಪಾಲು ಕೈಗಾದ್ದು, ಎಷ್ಟು ರಾಯಚೂರಿನ ಕಲ್ಲಿದ್ದಲಿನದು, ಎಷ್ಟು ಕುಷ್ಟಗಿಯ ಗಾಳಿಯದು ಅಂತ ಬಿಡಿಸಿ ಹೇಳೋಕೂ ಆಗಲ್ಲ.

ನಮ್ಮ ಜಗಳ ಮುಗಿದಿಲ್ಲ, ಆದ್ರೆ ಅದರ ರೀತಿ ಬದಲಾಗಿದೆ. ಮೊದಲು ಬೇಕು, ಬೇಡ ಅಂತ ಕೂಗಾಡ್ತಿದ್ವಿ. ಈಗ ಗೋಡೆಗೆ ಒಂದು ಹಾಳೆ ಅಂಟಿಸಿದ್ದೀವಿ, ಯಾರಿಗೆ ಏನು ಪ್ರಶ್ನೆ ಬರುತ್ತೋ ಅದರಲ್ಲಿ ಬರೀಬೇಕು. ಮೊದಲನೇದು ಕೊಪ್ಪಳದವನದು. ಸ್ಥಾವರಕ್ಕೆ ತಂಪು ನೀರು ಎಲ್ಲಿಂದ? ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 132 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಸುತ್ತಮುತ್ತ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಹೋದಾಗ ಇಡೀ ಗಂಗಾವತಿ ನಿದ್ದೆ ಮಾಡಲಿಲ್ಲ. ಎರಡನೇ ಪ್ರಶ್ನೆ ಗಂಗಾವತಿಯವನದು, ಸ್ಥಾವರ ಬೇಡ ಅಂದ್ರೆ 2040ರಲ್ಲಿ ಗಾಳಿ ನಿಂತ ರಾತ್ರಿ ಮಿಲ್ಲು ಯಾವುದರಿಂದ ನಡೆಯುತ್ತೆ? ಯಲಬುರ್ಗಾದವನು ಬರೆದದ್ದು ಸಣ್ಣದು, ಊರಿನವರಿಗೆ ಇದನ್ನೆಲ್ಲ ಕನ್ನಡದಲ್ಲಿ ಯಾರು ಹೇಳ್ತಾರೆ ಅಂತ.

ಅದರ ಕೆಳಗೆ ಇನ್ನೂ ಯಾರೂ ಏನೂ ಬರೆದಿಲ್ಲ. ವಿಜ್ಞಾನ ಪ್ರಪಂಚದ ಒಂದು ಸಂಪುಟ ಲೈಬ್ರರಿಯಿಂದ ತಂದು ಅವನೇ ಇಟ್ಟುಕೊಂಡಿದ್ದಾನೆ. ರಾತ್ರಿ ಎರಡು ಪುಟಕ್ಕಿಂತ ಮುಂದೆ ಹೋಗಲ್ಲ, ನಮ್ಮ ಕನ್ನಡ ಅಷ್ಟೇ.