ಕಸವನ್ನು ಕಲೆಯಾಗಿಸಿದ ಕುರ್ಟ್ ಶ್ವಿಟರ್ಸ್

ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡಾದ ಅಂಗಿ, ಇವುಗಳನ್ನು ನಮ್ಮ ಸೀಮೆಯ ತಾಯಂದಿರು ತಿಪ್ಪೆಗೆ ಎಸೆಯುವದಿಲ್ಲ. ಅಸುಂಡಿಯಂಥ ಹಳ್ಳಿಗಳಲ್ಲಿ ಮನೆಯ ಹಿರಿಯಳು ಆ ಚಿಂದಿಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಕೌದಿ ಹೊಲಿಯುವದನ್ನು ನಾವೆಲ್ಲರೂ ಕಂಡವರೇ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅಂಥ ಕೌದಿಯ ಬೆಚ್ಚನೆಯಲ್ಲಿಯೇ ಬೆಳೆದವರು. ಬಿಸುಟ ವಸ್ತುಗಳನ್ನು ಹೀಗೆಯೇ ಆಯ್ದು, ಜೋಡಿಸಿ, ಲೋಕವು ಮೆಚ್ಚುವ ಕಲೆಯನ್ನು ನಿರ್ಮಿಸಿದ ಒಬ್ಬ ಚಿತ್ರಕಾರನ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಕನ್ನಡಿಗರಿಗೆ ನಿಘಂಟನ್ನು ಕೊಟ್ಟ ಕಿಟೆಲ್ ಪಂಡಿತರು ೧೮೩೨ರಲ್ಲಿ ಜನಿಸಿದಾಗ ಅವರ ಊರು ಹನೋವರ್ ರಾಜ್ಯಕ್ಕೆ ಸೇರಿದ್ದಿತು. ಆ ರಾಜ್ಯದ ರಾಜಧಾನಿಯಾಗಿದ್ದ ಹನೋವರ್ ನಗರದಲ್ಲಿಯೇ ೧೮೮೭ನೆಯ ಇಸವಿಯ ಜೂನ್ ೨೦ರಂದು ಕುರ್ಟ್ ಶ್ವಿಟರ್ಸನು ಹುಟ್ಟಿದನು. ತಂದೆತಾಯಿಗಳಿಗೆ ಆತನೊಬ್ಬನೇ ಮಗನು. ಬಾಲ್ಯದಲ್ಲಿ ಆತನು ಗುಲಾಬಿಗಳನ್ನು ನೆಟ್ಟು, ಪುಟ್ಟ ಗುಡ್ಡವನ್ನೂ ಕೊಳವನ್ನೂ ಮಾಡಿ ತೋಟವೊಂದನ್ನು ಬೆಳೆಯಿಸಿದ್ದನು. ೧೯೦೧ರಲ್ಲಿ ಹಳ್ಳಿಯ ಹುಡುಗರು ಅದನ್ನು ಆತನ ಕಣ್ಣೆದುರಿಗೇ ಹಾಳುಮಾಡಿದರು. ಆ ಆಘಾತದಿಂದ ಬಾಲಕನು ಎರಡು ವರ್ಷ ರೋಗಪೀಡಿತನಾದನು. ಆ ಕಾಲದಲ್ಲಿಯೇ ಆತನ ಮನಸ್ಸು ಕಲೆಯ ಕಡೆಗೆ ತಿರುಗಿತು. ಕಟ್ಟಿದ್ದು ಕೆಡುವದು, ಕೆಟ್ಟಲ್ಲಿಂದ ಮತ್ತೆ ಕಟ್ಟುವದು, ಇದೇ ಆತನ ಬಾಳಿನ ಕಥೆಯಾಯಿತು.

ಡ್ರೆಸ್ಡೆನ್ನಿನ ಕಲಾಶಾಲೆಯಲ್ಲಿ ಓದಿ, ೧೯೧೫ರಲ್ಲಿ ಹೆಲ್ಮಾ ಎಂಬವಳನ್ನು ಮದುವೆಯಾದನು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯು ಸೋತು ಬಡವಾದಾಗ, ಒಡೆದುಹೋದ ಲೋಕವನ್ನು ಅದರ ಒಡಕು ಚೂರುಗಳಿಂದಲೇ ಚಿತ್ರಿಸಬೇಕೆಂದು ಆತನಿಗೆ ತೋರಿತು. ಟ್ರಾಮಿನ ಹಳೆಯ ಚೀಟಿ, ಹರಿದ ಜಾಹೀರಾತು, ಗುಂಡಿ, ತಂತಿ, ಮುರಿದ ಚಕ್ರ, ಬಟ್ಟೆಯ ತುಂಡು, ಹೀಗೆ ಬೀದಿಯಲ್ಲಿ ದೊರೆತುದನ್ನೆಲ್ಲ ಆಯ್ದು ತಂದು ಹಲಗೆಯ ಮೇಲೆ ಅಂಟಿಸಿ, ಮೊಳೆ ಹೊಡೆದು, ಬಣ್ಣ ಬಳಿದನು. ಒಂದು ಚಿತ್ರದಲ್ಲಿ ಬ್ಯಾಂಕಿನ ಜಾಹೀರಾತಿನ ಚೂರೊಂದು ಸೇರಿದ್ದಿತು. ಅದರಲ್ಲಿದ್ದ ಕೊಮೆರ್ಜ್ ಎಂಬ ಶಬ್ದದ ಬಾಲವಾದ ಮೆರ್ಜ್ ಎಂಬದೇ ಆತನ ಕಲೆಯ ಹೆಸರಾಯಿತು. ೧೯೧೯ರಲ್ಲಿ ಬರ್ಲಿನ್ನಿನಲ್ಲಿ ಇವುಗಳ ಪ್ರದರ್ಶನವಾಯಿತು. ಕೆಲವರು ನಕ್ಕರು, ಕೆಲವರು ಕೋಪಗೊಂಡರು. ಆದರೆ ಆತನು ಕಸವನ್ನು ಸುಮ್ಮನೆ ಗುಡ್ಡೆ ಹಾಕಲಿಲ್ಲ. ಕಾಗದದ ಬಣ್ಣಕ್ಕೆ ಮರದ ಬಣ್ಣ, ಗೆರೆಗೆ ಗೆರೆ ಹೊಂದುವವರೆಗೆ ಸರಿಸಿ ಸರಿಸಿ ನೋಡುತ್ತಿದ್ದನು. ಮುಂದೆ ತನ್ನ ಮನೆಯ ಕೋಣೆಗಳೊಳಗೇ ಕಂಬ, ಗವಿ, ಕಮಾನುಗಳನ್ನು ಏರಿಸುತ್ತ, ಮೆರ್ಜ್‌ಬೌ ಎಂಬ ವಿಚಿತ್ರ ರಚನೆಯನ್ನು ಹಲವು ವರ್ಷ ಬೆಳೆಯಿಸಿದನು.

ಹಿಟ್ಲರನ ಆಳಿಕೆಯಲ್ಲಿ ಇಂಥ ಕಲೆಗೆ ಎಡೆಯಿರಲಿಲ್ಲ. ೧೯೩೭ರ ಜನವರಿಯಲ್ಲಿ ಆತನು ನಾರ್ವೆಗೆ ಹೋದನು. ಅದೇ ವರ್ಷ ಮ್ಯೂನಿಕ್ಕಿನಲ್ಲಿ ಅವನ ಚಿತ್ರಗಳನ್ನು ಹೀನಕಲೆಯೆಂದು ಹಂಗಿಸಲು ಪ್ರದರ್ಶಿಸಿದರು. ೧೯೪೦ರಲ್ಲಿ ಜರ್ಮನರು ನಾರ್ವೆಯನ್ನೂ ಹೊಕ್ಕಾಗ ಮಗನೊಡನೆ ಬ್ರಿಟನ್ನಿಗೆ ಓಡಿಬಂದನು. ಶತ್ರುದೇಶದವನೆಂದು ಅಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಸೆರೆಯಿಟ್ಟರು. ಅಲ್ಲಿಯೂ ಕೈ ಸುಮ್ಮನಿರಲಿಲ್ಲ. ನೆಲಕ್ಕೆ ಹಾಸಿದ್ದ ಲಿನೋಲಿಯಮ್ಮಿನ ಮೇಲೆ ಚಿತ್ರ ಬರೆದನು. ಉಳಿದ ಗಂಜಿಯನ್ನು ಕೂಡಿಟ್ಟು ಮೂರ್ತಿಗಳನ್ನು ಮಾಡಿದನು, ಅವು ಬೂಷ್ಟು ಹಿಡಿದು ಹಸಿರಾದವು!

೧೯೪೧ರಲ್ಲಿ ಬಿಡುಗಡೆಯಾಯಿತು. ಆದರೆ ೧೯೪೩ರ ಅಕ್ಟೋಬರದಲ್ಲಿ ಬಾಂಬುಗಳು ಹನೋವರಿನ ಮನೆಯನ್ನೂ ಮೆರ್ಜ್‌ಬೌವನ್ನೂ ನೆಲಸಮ ಮಾಡಿದವು. ಮರುವರ್ಷ, ಹನೋವರಿನಲ್ಲಿಯೇ ಉಳಿದಿದ್ದ ಹೆಲ್ಮಾ ಕ್ಯಾನ್ಸರಿನಿಂದ ತೀರಿಕೊಂಡಳು; ಕಡೆಗಾಲದಲ್ಲಿ ಗಂಡನು ಬಳಿಯಲ್ಲಿರಲಾಗಲಿಲ್ಲ.

ಇಷ್ಟಾದ ಮೇಲೆ ಯಾರಾದರೂ ಕೈಚೆಲ್ಲಿ ಕೂಡುವರು. ಶ್ವಿಟರ್ಸನು ೧೯೪೫ರಲ್ಲಿ ಇಂಗ್ಲೆಂಡಿನ ಆಂಬಲ್‌ಸೈಡಿಗೆ ಹೋಗಿ, ಜನರ ಮುಖಚಿತ್ರಗಳನ್ನು ಬರೆದು ಹೊಟ್ಟೆಹೊರೆದನು. ೧೯೪೭ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಸಾವಿರ ಡಾಲರುಗಳ ನೆರವು ನೀಡಿತು. ಆಗ ಅರುವತ್ತು ತುಂಬಿದ ಆ ರೋಗಿಯು ಎಲ್ಟರ್‌ವಾಟರಿನ ಕಲ್ಲಿನ ಕೊಟ್ಟಿಗೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಕೈಹಚ್ಚಿದನು. ಕಲ್ಲು, ಕಡ್ಡಿ, ಗಿಡಕ್ಕೆ ನೀರೆರೆಯುವ ಡಬ್ಬಿಯ ಮೂತಿ, ರಬ್ಬರಿನ ಚೆಂಡು ಇವುಗಳನ್ನು ಗಿಲಾವಿನಲ್ಲಿ ಕೂಡಿಸಿ ಗೋಡೆಯೊಂದನ್ನು ರೂಪಿಸತೊಡಗಿದನು. ಅದು ಮುಗಿಯುವ ಮೊದಲೇ, ೧೯೪೮ರ ಜನವರಿ ೮ರಂದು ತೀರಿಕೊಂಡನು. ಬ್ರಿಟಿಷ್ ಪೌರತ್ವವು ದೊರೆತ ಸುದ್ದಿ ಬಂದದ್ದು ಅದರ ಹಿಂದಿನ ದಿನವೇ.

ಆ ಅರೆಗೋಡೆಯನ್ನು ೧೯೬೫ರಲ್ಲಿ ಜೋಪಾನವಾಗಿ ನ್ಯೂಕಾಸಲ್ಲಿನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು. ೧೯೭೦ರಲ್ಲಿ ಆತನ ಅವಶೇಷಗಳನ್ನು ಹುಟ್ಟೂರಿಗೆ ಒಯ್ದರು. ಒಮ್ಮೆ ಹಂಗಿಸಿದ ನಾಡೇ ೧೯೮೦ರ ದಶಕದಲ್ಲಿ ಮೆರ್ಜ್‌ಬೌವಿನ ಕೋಣೆಯೊಂದನ್ನು ಹನೋವರಿನ ವಸ್ತುಸಂಗ್ರಹಾಲಯದಲ್ಲಿ ಪುನಃ ನಿರ್ಮಿಸಿತು.

ಪಾಲಕರೇ, ನಿಮ್ಮ ಮಗಳು ಬಳೆಚೂರು, ಗುಂಡಿ, ಬಣ್ಣದ ಕಾಗದಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದರೆ, ಕಸವೆಂದು ಗುಡಿಸಿಬಿಡುವ ಮುನ್ನ ಒಂದು ಗಳಿಗೆ ನಿಲ್ಲಿರಿ. ತೋಟವನ್ನು ಕಳೆದುಕೊಂಡ ಬಾಲಕನನ್ನು ನೆನೆಯಿರಿ. ಹಳೆಯ ವಿದ್ಯಾರ್ಥಿನಿಯರೇ, ಸಂಸಾರದಲ್ಲಿ ನೀವು ಕಟ್ಟಿದ್ದೇನಾದರೂ ಮುರಿದುಬಿದ್ದ ದಿನ ಅಜ್ಜಿಯ ಕೌದಿಯನ್ನೊಮ್ಮೆ ಬಿಡಿಸಿ ನೋಡಿರಿ. ಅದರಲ್ಲಿ ಹೊಸ ಬಟ್ಟೆಯ ಒಂದು ತುಂಡೂ ಇರುವದಿಲ್ಲ. ಆದರೂ ಅದು ಚಳಿಯನ್ನು ಕಳೆಯುವದು.