ಊರೂರು ಕೇಳಿ ಬರೆದ ಬುಕಾನನ್

ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಅದಾಗಿ ವರ್ಷ ತುಂಬುವ ಮೊದಲೇ, 1800ರ ಏಪ್ರಿಲ್ 23ರಂದು, ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರೊಬ್ಬ ಮದ್ರಾಸಿನಿಂದ ಹೊರಟ. ಆತನಿಗೆ ಒಪ್ಪಿಸಿದ್ದ ಕೆಲಸ ರೋಗಿಗಳನ್ನು ನೋಡುವುದಲ್ಲ, ಊರೂರು ತಿರುಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವುದು. ಆತನೇ ಫ್ರಾನ್ಸಿಸ್ ಬುಕಾನನ್. ಮಾರುಕಟ್ಟೆ ಸಮೀಕ್ಷೆ, ಸರ್ವೆ ಅಂತ ನಾವು ಇಂದು ಕರೆಯುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಇದೊಂದು ಹಳೆಯ ಮಾದರಿ. ಆತ ಮಾಡಿದ್ದರಿಂದಲೂ ಕಲಿಯುವುದಿದೆ, ಆತನಿಂದ ಬಿಟ್ಟುಹೋದದ್ದರಿಂದಲೂ ಕಲಿಯುವುದಿದೆ. ಬಿಟ್ಟುಹೋದ ಪಟ್ಟಿಯಲ್ಲಿ ನಮ್ಮ ನಂಜನಾಡೂ ಸೇರಿದೆ.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಪದವಿ ಪಡೆದ. ಗಿಡಮರಗಳ ಅಭ್ಯಾಸವೆಂದರೆ ಬಹಳ ಪ್ರೀತಿ. ಕೆಲವು ವರ್ಷ ಹಡಗಿನ ವೈದ್ಯನಾಗಿದ್ದು, 1794ರಲ್ಲಿ ಕಂಪನಿಯ ಬಂಗಾಳ ಸೇವೆಗೆ ಸೇರಿದ. 1795ರಲ್ಲಿ ಕಂಪನಿಯ ರಾಯಭಾರಿಯ ಜೊತೆ ಬರ್ಮಾಕ್ಕೆ ಹೋಗಿಬಂದ. ಸಂಬಾರ ಬೆಳೆಗೆ ಯೋಗ್ಯವಾದ ಜಾಗ ಹುಡುಕಲು 1798ರಲ್ಲಿ ಚಿತ್ತಗಾಂಗ್ ಕಡೆ ಸುತ್ತಿದ.

ಮೊದಲು ಪ್ರಶ್ನೆ, ಆಮೇಲೆ ಪ್ರಯಾಣ

ಕಂಪನಿ ರಾಜ್ಯವಾಳುತ್ತಿದ್ದರೂ ಮೂಲದಲ್ಲಿ ವ್ಯಾಪಾರಿ. ಹೊಸದಾಗಿ ಕೈಗೆ ಸಿಕ್ಕ ಸೀಮೆಯಲ್ಲಿ ಏನು ಬೆಳೆಯುತ್ತೆ, ಏನು ನೇಯ್ತಾರೆ, ಯಾವುದು ಯಾವ ಬೆಲೆಗೆ ಎಲ್ಲಿಗೆ ಹೋಗುತ್ತೆ ಅಂತ ಅದಕ್ಕೆ ತಿಳಿಯಬೇಕಿತ್ತು. ಅದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿ ವಿಷಯಗಳ ಪಟ್ಟಿಯನ್ನೇ ಮಾಡಿಕೊಟ್ಟ. ಮೊದಲನೆಯದು ಬೇಸಾಯ. ಆಮೇಲೆ ದನಕರು, ಜಮೀನಿನ ಹಿಡುವಳಿ, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಕಸುಬು, ಹವಾಮಾನ, ಜನಜೀವನ. ಏನು ತಿಳಿಯಬೇಕು ಅನ್ನೋದು ಮೊದಲೇ ಗೊತ್ತಿದ್ದರಿಂದ ಬುಕಾನನ್ ಬೆಂಗಳೂರು, ಶ್ರೀರಂಗಪಟ್ಟಣ, ಕೊಯಮತ್ತೂರು, ಮಲಬಾರು, ಮಂಗಳೂರು, ಶಿರಸಿ, ಚಿತ್ರದುರ್ಗ ಅಂತ ಸುತ್ತಿದರೂ ದಾರಿ ತಪ್ಪಲಿಲ್ಲ. ಹೋದಲ್ಲೆಲ್ಲ ಅದೇ ವಿಷಯಗಳನ್ನು ಕೇಳಿದ. ಹಾಗಾಗಿಯೇ ಒಂದೂರಿನ ಉತ್ತರವನ್ನು ಇನ್ನೊಂದೂರಿನ ಉತ್ತರದ ಪಕ್ಕಕ್ಕಿಟ್ಟು ನೋಡಲು ಬರುತ್ತದೆ.

ಬೇಸಾಯದ ಮಾತನ್ನು ರೈತನಿಂದ, ಮಗ್ಗದ ಮಾತನ್ನು ನೇಕಾರನಿಂದ, ವ್ಯಾಪಾರದ ಮಾತನ್ನು ಪೇಟೆಯವರಿಂದ ತಿಳಿದುಕೊಳ್ಳುವುದು ಆತನ ಕ್ರಮ. ದೊಡ್ಡ ತೊಡಕು ಅಳತೆಯದು. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಕೊಳಗ, ಖಂಡುಗಗಳು ಊರಿಂದೂರಿಗೆ ಬದಲಾಗುತ್ತಿದ್ದವು. ಜಮೀನನ್ನೂ ಎಷ್ಟು ಬೀಜ ಹಿಡಿಯುತ್ತೆ ಅನ್ನೋದರ ಮೇಲೆ ಲೆಕ್ಕ ಹಾಕುತ್ತಿದ್ದರು. ಬುಕಾನನ್ ಸ್ಥಳೀಯ ಅಳತೆಯನ್ನು ವಿಚಾರಿಸಿ ಇಂಗ್ಲಿಷ್ ಅಳತೆಗೆ ತಿರುಗಿಸಿ ಬರೆದ. ಇವತ್ತಿಗೂ ಮೂಟೆಗೆ ಎಷ್ಟು ಸಿಕ್ತು ಅಂತ ಕೇಳುವವರು ಮೂಟೆ ಎಷ್ಟು ಕಿಲೋದ್ದು ಅಂತ ಕೇಳದಿದ್ದರೆ ಆ ಲೆಕ್ಕ ಯಾರಿಗೂ ಉಪಯೋಗಕ್ಕೆ ಬಾರದು.

ಕೇಳುವವನು ಯಾರು?

ಆತನಿಗೆ ಇನ್ನೆರಡು ತೊಂದರೆಗಳಿದ್ದವು. ಈ ಸೀಮೆಯ ಭಾಷೆಗಳು ಬಾರದು, ಎಲ್ಲದಕ್ಕೂ ದುಭಾಷಿಯೇ ಗತಿ. ಎರಡನೆಯದು ಇನ್ನೂ ದೊಡ್ಡದು. ಬಂದವನು ಸರ್ಕಾರದ ಕಡೆಯವನು. ಬೆಳೆ ಜಾಸ್ತಿ ಅಂದರೆ ಕಂದಾಯ ಏರೀತು ಅನ್ನೋ ಭಯ ರೈತನಿಗೆ ಸಹಜ. ಹೇಳಿದ ಇಳುವರಿಯನ್ನೆಲ್ಲ ನಂಬುವಂತಿಲ್ಲ ಅಂತ ಬುಕಾನನ್‌ಗೂ ಗೊತ್ತಿತ್ತು. ಅನುಮಾನ ಬಂದ ಕಡೆ ಅದನ್ನೂ ಬರೆದಿಟ್ಟ. ಸುಳ್ಳು ಹೇಳಿದರೆಂದು ರೈತರನ್ನು ದೂರಿ ಪ್ರಯೋಜನವಿಲ್ಲ. ಯಾಕೆ ಕೇಳ್ತಿದ್ದೀವಿ, ಇದು ಯಾರ ಕೈಗೆ ಹೋಗುತ್ತೆ ಅಂತ ತಿಳಿಸದೆ ಕೇಳಿದರೆ, ಅದೂ ನಾಲ್ಕು ಜನರೆದುರು ಕೇಳಿದರೆ, ಸರಿಯಾದ ಉತ್ತರ ಹೊರಡುವುದು ಕಷ್ಟ.

1800ರ ಅಕ್ಟೋಬರಿನಲ್ಲಿ ಬುಕಾನನ್ ನೀಲಗಿರಿಯ ಬುಡದಲ್ಲಿದ್ದ ದಣಾಯಕನಕೋಟೆಗೆ ಬಂದ. ಆ ಕೋಟೆ ಈಗ ಭವಾನಿಸಾಗರದ ನೀರಿನಡಿ ಇದೆ. ಅಲ್ಲಿಂದ ಪೂರ್ವದ ಇಳಿಜಾರನ್ನು ಸ್ವಲ್ಪ ದೂರ ಹತ್ತಿದ, ಮೇಲಿನ ನಾಡಿಗೆ ಹೋಗಲಿಲ್ಲ. ಹಾಗಾಗಿ ಸಾಮೆ, ಕೊರಲೆ ಬೆಳೆಯುತ್ತಿದ್ದ ಬಡಗರ ಹಟ್ಟಿಗಳ ಲೆಕ್ಕ ಆತನ ಪುಸ್ತಕದಲ್ಲಿಲ್ಲ. ಮೇಲೆ ಬೇಸಾಯ ಇರಲಿಲ್ಲ ಅಂತಲ್ಲ, ಕೇಳಿದವರಿರಲಿಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ ಮೇಲೆ ಇಲ್ಲಿ ಆಲೂಗಡ್ಡೆ ಬೇಸಾಯ ಬೇರೂರಿತು. ನಂಜನಾಡಿನಲ್ಲಿ ಆಲೂಗಡ್ಡೆಯ ಸಂಶೋಧನಾ ಕೇಂದ್ರವೇ ಬಂತು. ಆದರೂ ಸಮೀಕ್ಷೆಯ ಹಳೆಯ ರೋಗ ಹೋಗಿಲ್ಲ. ಬಸ್ಸು ನಿಲ್ಲುವ ಕಡೆ ಹತ್ತು ಜನರನ್ನು ಕೇಳಿ ಇಡೀ ನಾಡಿನ ಅಭಿಪ್ರಾಯ ಅಂತ ಬರೆದರೆ ಅದು ಬಸ್ ನಿಲ್ದಾಣದ ಅಭಿಪ್ರಾಯ ಅಷ್ಟೆ.

ಬುಕಾನನ್ 1801ರ ಜುಲೈನಲ್ಲಿ ಮದ್ರಾಸಿಗೆ ಮರಳಿದ. ಆತನ ದಿನಚರಿ ಮೂರು ಸಂಪುಟಗಳಾಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1802ರಲ್ಲಿ ನೇಪಾಳಕ್ಕೆ ಹೋದ. 1807ರಿಂದ 1814ರವರೆಗೆ ಬಂಗಾಳ, ಬಿಹಾರದ ಜಿಲ್ಲೆಗಳನ್ನು ಇದೇ ರೀತಿ ಸಮೀಕ್ಷೆ ಮಾಡಿದ. 1815ರಲ್ಲಿ ಊರಿಗೆ ಮರಳಿ, ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡ. 1829ರ ಜೂನ್ 15ರಂದು ತೀರಿಕೊಂಡ.

ಹೊಸ ಬೆಳೆ ಇಡುವವರು, ಹೊಸ ಅಂಗಡಿ ತೆರೆಯುವವರು ಆತನಿಂದ ತೆಗೆದುಕೊಳ್ಳಬೇಕಾದ್ದು ಇಷ್ಟು: ಏನು ತಿಳಿಯಬೇಕು ಅಂತ ಮೊದಲು ಬರೆದುಕೊಳ್ಳಿ. ಒಬ್ಬ ಮಂಡಿ ಸಾಹುಕಾರನ ಮಾತಿಗೇ ನಿಲ್ಲಬೇಡಿ. ಚೆನ್ನಾಗಿದೆ ಅಲ್ವಾ ಅಂತ ಉತ್ತರವನ್ನೂ ನೀವೇ ಹೇಳಿಕೊಡಬೇಡಿ. ಕಳೆದ ಸಲ ಎಷ್ಟು ಕೊಂಡಿರಿ, ಏನು ಕೊಟ್ಟಿರಿ ಅಂತ ಕೇಳಿ. ಎಲ್ಲರಿಗೂ ಒಂದೇ ಮಾತಿನಲ್ಲಿ, ಒಂದೇ ಅಳತೆಯಲ್ಲಿ ಕೇಳಿ. ಕನ್ನಡದಲ್ಲಿ ಮಾಡಿದ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳುವಾಗ ಅರ್ಥ ಜಾರದಂತೆ ಮೊದಲು ಐದಾರು ಜನರ ಬಳಿ ಕೇಳಿ ನೋಡಿ. ಹಾಗೆಯೇ ಪಟ್ಟಿ ಹಿಡಿದವರು ನಿಮ್ಮ ಬಾಗಿಲಿಗೆ ಬಂದರೆ, ಉತ್ತರ ಕೊಡುವ ಮುಂಚೆ ಯಾರ ಪರವಾಗಿ ಕೇಳ್ತಿದ್ದೀರಿ ಅಂತ ವಿಚಾರಿಸುವ ಹಕ್ಕು ನಿಮಗೂ ಇದೆ.