ಕಿರ್ಚಾಫ್ ಬಿಟ್ಟುಹೋದ ಪ್ರಶ್ನೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಿರ್ಚಾಫ್ ಎಂದರೆ ಸರ್ಕ್ಯೂಟ್‌ನ ಎರಡು ನಿಯಮಗಳು. ಗುಸ್ತಾವ್ ಕಿರ್ಚಾಫ್ ಅವನ್ನು ರೂಪಿಸಿದ್ದು 1845ರಲ್ಲಿ. ಆಗ ಅವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ. ಅವರ ಇನ್ನೊಂದು ದೊಡ್ಡ ಕೆಲಸ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅದು ಬಿಸಿಯಾದ ವಸ್ತುಗಳು ಹೊರಸೂಸುವ ಶಾಖ ಮತ್ತು ಬೆಳಕಿಗೆ ಸಂಬಂಧಿಸಿದ್ದು.

ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ 1824ರಲ್ಲಿ ಹುಟ್ಟಿದ ಕಿರ್ಚಾಫ್, 1854ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ರಸಾಯನ ವಿಜ್ಞಾನಿ ಬುನ್ಸೆನ್ ಅವರ ಜೊತೆಗಾರ. ಇಬ್ಬರೂ ಜ್ವಾಲೆಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ನೋಡುತ್ತಿದ್ದರು. ಉಪ್ಪು ಹಾಕಿದ ಜ್ವಾಲೆ ಹಳದಿ ಗೆರೆ ತೋರಿಸುತ್ತಿತ್ತು. ಅದೇ ಜ್ವಾಲೆಯ ಮೂಲಕ ಪ್ರಖರ ಬಿಸಿಲನ್ನು ಹಾಯಿಸಿದಾಗ, ಅದೇ ಜಾಗದ ಕಪ್ಪು ಗೆರೆ ಇನ್ನಷ್ಟು ಗಾಢವಾಯಿತು! ಜ್ವಾಲೆ ತಾನು ಕೊಡುವ ಬಣ್ಣವನ್ನೇ ಹೀರಿಕೊಳ್ಳುತ್ತಿತ್ತು. ಸೂರ್ಯನಲ್ಲೂ ಸೋಡಿಯಂ ಇದೆ ಎಂಬುದು ಹೀಗೆ ತಿಳಿಯಿತು.

ಇದರಿಂದ ಅವರು 1859ರಲ್ಲಿ ಒಂದು ನಿಯಮಕ್ಕೆ ಬಂದರು. ಚೆನ್ನಾಗಿ ಹೀರಿಕೊಳ್ಳುವ ಮೇಲ್ಮೈ ಚೆನ್ನಾಗಿಯೇ ಹೊರಸೂಸುತ್ತದೆ. ಮಸಿ ಹಿಡಿದ ಪಾತ್ರೆಯ ಮೈ ಎರಡನ್ನೂ ಮಾಡುತ್ತದೆ. ಫ್ಲಾಸ್ಕ್‌ನ ಒಳಗಿನ ಬೆಳ್ಳಿಯಂಥ ಹೊಳಪು ಎರಡನ್ನೂ ತಡೆಯುತ್ತದೆ. ಬಿದ್ದ ಕಿರಣವನ್ನೆಲ್ಲ ಹೀರಿಕೊಳ್ಳುವ ಆದರ್ಶ ವಸ್ತುವಿಗೆ ಅವರು ಕಪ್ಪುಕಾಯ ಎಂದು ಹೆಸರಿಟ್ಟರು. ಅದು ಯಾವ ತಾಪದಲ್ಲಿ, ಯಾವ ತರಂಗಾಂತರದಲ್ಲಿ, ಎಷ್ಟು ಶಕ್ತಿ ಸೂಸುತ್ತದೆ? ಅದು ಯಾವ ಲೋಹ, ಯಾವ ಕಲ್ಲು ಎಂಬುದನ್ನು ಅವಲಂಬಿಸುವುದಿಲ್ಲ ಎಂದು ಕಿರ್ಚಾಫ್ ಸಾಧಿಸಿದರು. ಆದರೆ ಸೂತ್ರ ಮಾತ್ರ ಸಿಗಲಿಲ್ಲ. ಅದನ್ನು ಹುಡುಕುವುದು ಬಹಳ ಮುಖ್ಯ ಎಂದು ಬರೆದಿಟ್ಟರು.

ಮುಂದಿನ ದಿನಗಳು ಸುಲಭದ್ದಾಗಿರಲಿಲ್ಲ. ಕಾಲಿಗೆ ಪೆಟ್ಟಾಗಿ ವರ್ಷಗಟ್ಟಲೆ ಊರುಗೋಲು, ಗಾಲಿಕುರ್ಚಿಯ ಆಸರೆ ಬೇಕಾಯಿತು. 1869ರಲ್ಲಿ ಪತ್ನಿ ಕ್ಲಾರಾ ತೀರಿಕೊಂಡರು. ಮಕ್ಕಳ ಹೊಣೆ ಅವರೊಬ್ಬರ ಮೇಲೆ ಬಿತ್ತು. ಆದರೂ ಪಾಠ, ಸಂಶೋಧನೆ ನಿಲ್ಲಲಿಲ್ಲ. 1875ರಲ್ಲಿ ಬರ್ಲಿನ್‌ಗೆ ಹೋದರು. ಅಲ್ಲಿ ಅವರ ತರಗತಿಯಲ್ಲಿ ಕೂತವರಲ್ಲಿ ಮ್ಯಾಕ್ಸ್ ಪ್ಲಾಂಕ್ ಎಂಬ ಹುಡುಗನೂ ಇದ್ದ. ಅವನಿಗೆ ಆ ಪಾಠ ನೀರಸ ಎನಿಸಿತ್ತಂತೆ!

ಕಿರ್ಚಾಫ್ 1887ರಲ್ಲಿ ನಿಧನರಾದರು. ಎರಡು ವರ್ಷಗಳ ನಂತರ ಅವರ ಸ್ಥಾನಕ್ಕೆ ಬಂದದ್ದು ಅದೇ ಪ್ಲಾಂಕ್. ಗುರು ಬಿಟ್ಟುಹೋದ ಸೂತ್ರವನ್ನು 1900ರಲ್ಲಿ ಕಂಡುಹಿಡಿದವರೂ ಅವರೇ. ಅದಕ್ಕಾಗಿ ಶಕ್ತಿ ತುಣುಕು ತುಣುಕಾಗಿ ಹಂಚಿಕೆಯಾಗುತ್ತದೆ ಎಂದು ಒಪ್ಪಬೇಕಾಯಿತು. ಕ್ವಾಂಟಂ ವಿಜ್ಞಾನ ಹುಟ್ಟಿದ್ದು ಅಲ್ಲಿಂದ.

ಉತ್ತರ ಬರೆದವರಿಗೆ ಅಂಕ ಕೊಡುವುದು ನಮ್ಮ ಪದ್ಧತಿ. ಸರಿಯಾದ ಪ್ರಶ್ನೆ ಕೇಳಿ, ಅದನ್ನು ಮುಂದಿನವರ ಕೈಗಿಟ್ಟವರಿಗೂ ಅಂಕ ಸಲ್ಲಬೇಕಲ್ಲವೇ?